ನೀಲಿ ಹೆಚ್ಚಾಯಿತಂತೆ

ಫೆಬ್ರವರಿ 8, ಭಾನುವಾರ

ಅದಲ್ಲದೆ ಬದನೆಕಾಯಿ ಅಂದಳಲ್ಲ, ಅದನ್ನು ನಿನ್ನೆ ಬರೆಯುವುದೇ ಬಿಟ್ಟುಹೋಯಿತು. ನಾನು ಕಳಿಸಿದ ಚಿತ್ರ ನೋಡಿ ಫೋನಿನಲ್ಲಿ ನಗುನಗುತ್ತಲೇ ಅಂದಳು: "ಬೇಜಾರ್ ಮಾಡ್ಕೋಬೇಡಿ ಸಾರ್, ಇದು ಗುಲಾಬಿ ನೀಹಾರಿಕೆ ಅಲ್ಲ, ಬದನೆಕಾಯಿ ನೀಹಾರಿಕೆ ಆಗ್ಬಿಟ್ಟಿದೆ. ನೀಲಿ ತುಂಬಾ ಹೆಚ್ಚಾಯ್ತು."

ಶಿವರಂಜನಿ ಅಂತ ಹೆಸರು. ನಾಗರಬಾವಿಯ ಕಡೆ ಯಾವುದೋ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ಮೂವತ್ತೈದು ದಾಟಿರಲಾರದು. ನಮ್ಮ ನಕ್ಷತ್ರ ವೀಕ್ಷಕರ ಬಳಗದವರು ಯುಗಾದಿಗೆ ಒಂದು ಕ್ಯಾಲೆಂಡರ್ ತರುತ್ತಿದ್ದಾರೆ, ಸದಸ್ಯರೇ ತೆಗೆದ ಹನ್ನೆರಡು ಆಕಾಶದ ಚಿತ್ರ, ಐನೂರು ಪ್ರತಿ. ಅದಕ್ಕೆ ಈಕೆ ಸಂಪಾದಕಿ. ಮಾಘ ಮಾಸದ ಪುಟ ನನ್ನದು ಅಂತ ಡಿಸೆಂಬರಿನಲ್ಲೇ ತೀರ್ಮಾನವಾಗಿತ್ತು. ಈಗ ನೀಲಿ ಹೆಚ್ಚಾಯಿತಂತೆ.

ಯಾರಿಗೆ ಹೇಳುತ್ತಿದ್ದೇನೆ ಅಂತ ಆಕೆಗೆ ಗೊತ್ತೇ? ಮೂವತ್ತೊಂದು ವರ್ಷ ರಾಜಾಜಿನಗರದ ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಣ್ಣ ಒಪ್ಪುವ ಕೆಲಸ ನನ್ನದು. ದೇವರ ಕ್ಯಾಲೆಂಡರು, ಊದುಬತ್ತಿಯ ಡಬ್ಬಿ, ಸೀರೆ ಅಂಗಡಿಯ ಕ್ಯಾಟಲಾಗು. ಚಕ್ರಪಾಣಿ ನೋಡಿ ತಲೆಯಾಡಿಸದೆ ಮಷಿನ್ ಓಡುತ್ತಿರಲಿಲ್ಲ. ಈ ಊರಿನ ಅದೆಷ್ಟು ದೇವರ ಮನೆಗಳಲ್ಲಿ ಕೃಷ್ಣ ನೇತಾಡಿದ್ದಾನೋ, ಅವನ ಮೈಯ ನೀಲಿ ನನ್ನದು. ನನಗೆ ನೀಲಿ ಪಾಠ. ಪ್ರಿಪಾಸ್ಟರಸ್! ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಮೇಷ್ಟರು ಪ್ರತಿ ವಾರ ಇಪ್ಪತ್ತು ದೊಡ್ಡ ಪದ ಉರುಹೊಡೆಸುತ್ತಿದ್ದರು. ಬಹಳಷ್ಟು ಮರೆತಿದ್ದೇನೆ. ಬೈಯುವುದಕ್ಕೆ ಬೇಕಾದವು ಉಳಿದಿವೆ.

ಮಾರ್ಚ್ ಹತ್ತಕ್ಕೆ ಚಿತ್ರಗಳು ಪ್ರೆಸ್ಸಿಗೆ ಹೋಗಬೇಕಂತೆ. ಆಗಲಿ. ಮೊದಲಿಂದ ತೆಗೆದು ಮುಖಕ್ಕೆ ಹಿಡಿಯುತ್ತೇನೆ.

ಮೊದಲಾದರೆ ಇದನ್ನೆಲ್ಲ ಹೆಂಡತಿಗೆ, ಅನಂತಲಕ್ಷ್ಮಿಗೆ, ಹೇಳುತ್ತಿದ್ದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಳ್ಳುತ್ತಿರಲಿಲ್ಲ. ಡೈರಿಯೂ ಕೇಳಿಸಿಕೊಳ್ಳುವುದಿಲ್ಲ. ಹೆಚ್ಚು ವ್ಯತ್ಯಾಸವೇನೂ ಆಗಿಲ್ಲ.

ಫೆಬ್ರವರಿ 10, ಮಂಗಳವಾರ

ಸಂಜೆ ಏಳೂಕಾಲಿನಿಂದ ಒಂಬತ್ತೂವರೆಯವರೆಗೆ ದೂರದರ್ಶಕ, ಕ್ಯಾಮರಾ ಹಿಡಿದು ಮಹಡಿಯ ಮೇಲೆ. ಆಕಾಶ ಪರವಾಗಿಲ್ಲ. ವಿಜಯನಗರದಲ್ಲಿ ಆಕಾಶ ಅಂತ ಕರೆಯುವುದೇ ಒಂದು ಔದಾರ್ಯ, ಅದು ಬೇರೆ ಮಾತು.

ಈ ನೀಹಾರಿಕೆ ಬರಿಗಣ್ಣಿಗೆ ಕಾಣುವುದಿಲ್ಲ. ಮಹಾವ್ಯಾಧ ನಕ್ಷತ್ರಪುಂಜದ ಪೂರ್ವಕ್ಕೆ, ಏನೂ ಇಲ್ಲದ ಹಾಗೆ ಕಾಣುವ ಜಾಗದಲ್ಲಿ, ಕೆಂಪು ಅನಿಲದ ಒಂದು ದೊಡ್ಡ ಬಳೆ. ಬಳೆಯ ನಡುವೆ ತೂತು. ತೂತಿನಲ್ಲಿ ಈಗತಾನೇ ಹುಟ್ಟಿದ ಒಂದು ಹಿಡಿ ನಕ್ಷತ್ರ. ಈಗತಾನೇ ಅಂದರೆ ನಲವತ್ತು ಐವತ್ತು ಲಕ್ಷ ವರ್ಷ; ನಕ್ಷತ್ರಗಳ ಲೆಕ್ಕದಲ್ಲಿ ಇನ್ನೂ ಬಾಣಂತಿ ಕೋಣೆ ಬಿಟ್ಟು ಹೊರಬರದ ಕೂಸುಗಳು. ಹುಟ್ಟಿದ ಕೋಣೆಯನ್ನೇ ಊದಿ ಊದಿ ತೂತು ಮಾಡಿವೆ.

ಬೀದಿದೀಪದ ಕೊಳೆಯನ್ನು ತಡೆಯಲು ಫಿಲ್ಟರ್ ಹಾಕಿ ಅನಿಲವನ್ನು ತೆಗೆಯಬೇಕು. ಫಿಲ್ಟರ್ ತೆಗೆದು ನಕ್ಷತ್ರಗಳನ್ನು ಬೇರೆ ತೆಗೆಯಬೇಕು. ಒಂದೊಂದು ಚಿತ್ರವೂ ಮಸಿ ಚೆಲ್ಲಿದ ಹಾಗೆ ಹಾಳು. ಅಂಥ ಇನ್ನೂರು ಹಾಳು ಚಿತ್ರಗಳನ್ನು ಒಂದರ ಮೇಲೊಂದು ಕೂದಲೆಳೆ ತಪ್ಪದೆ ಕೂರಿಸಿದರೆ ಅವುಗಳೊಳಗಿಂದ ಒಂದು ಚಿತ್ರ ಎದ್ದು ಬರುತ್ತದೆ. ನನಗೆ ಇದೇನು ಹೊಸದೇ? ನಾಲ್ಕು ಬಣ್ಣವನ್ನು ನಾಲ್ಕು ಪ್ಲೇಟಿನಿಂದ ಒಂದೇ ಕಾಗದದ ಮೇಲೆ ಕೂರಿಸಿಕೊಂಡೇ ತಲೆ ಬೆಳ್ಳಗಾದದ್ದು. ಬಳಗದ ಮಿಕ್ಕವರೆಲ್ಲ ಯೂಟ್ಯೂಬ್ ನೋಡಿ ಕಲಿತವರು.

ಹೊಸ ಬೀದಿದೀಪಗಳು ಮಹಾ ಕಳಪೆ. ಪ್ರತಿಯೊಂದರ ಸುತ್ತ ತಟ್ಟೆಯಗಲ ಉಂಗುರ, ಮುಳ್ಳು ಮುಳ್ಳಾದ ಬೆಳಕು. ಕೆಳಗಿನ ಮನೆಯ ಓನರ್ ಯೋಗಾನಂದ ಮೇಲೆ ಬಂದಾಗ ತೋರಿಸಿದೆ. "ಎಲ್ಲಿ ಸಾರ್ ಉಂಗುರ? ಚೆನ್ನಾಗೇ ಉರೀತಾ ಇದೆಯಲ್ಲ," ಅಂದ. ನೀರಿನ ಟ್ಯಾಂಕಿನ ಮುಚ್ಚಳ ನೋಡಲು ಬಂದವನಿಗೆ ಮುಚ್ಚಳದಷ್ಟೇ ದೃಷ್ಟಿ.

ಫೆಬ್ರವರಿ 11, ಬುಧವಾರ

ಹೂವಿನ ಅಣ್ಣಮ್ಮನ ಜೊತೆ ಜಗಳ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಕೂರುತ್ತಾಳೆ. ಅನಂತಲಕ್ಷ್ಮಿ ಇದ್ದಾಗಲೂ ಅವಳೇ ಕೊಡುತ್ತಿದ್ದದ್ದು, ಈಗ ಅನಂತಲಕ್ಷ್ಮಿಯ ಫೋಟೋಗೂ ಅವಳದೇ ಹೂವು. ಒಂದು ತಿಂಗಳಿಂದ ನೋಡುತ್ತಿದ್ದೇನೆ, ಹಳೇ ಮಲ್ಲಿಗೆ ಕಟ್ಟಿ ಕೊಡುತ್ತಿದ್ದಾಳೆ. ಹಳದಿ ಹಿಡಿದದ್ದು. ಇವತ್ತು ತಡೆಯಲಾಗದೆ ನಾಲ್ಕು ಜನರ ಮುಂದೆ ಮೊಳವನ್ನು ಅವಳ ಬುಟ್ಟಿಗೇ ಎಸೆದೆ.

"ನಿನ್ನೇದನ್ನ ಯಾರಿಗೆ ಕೊಡ್ತೀಯ? ಸತ್ತವರಿಗೆ ಯಾವುದಾದ್ರೇನು ಅಂತಾನಾ?"

"ಅಯ್ಯೋ ಸಾಮಿ, ಬೆಳಿಗ್ಗೆ ನಾಕು ಗಂಟೆಗೆ ಮಾರ್ಕೆಟ್ನಿಂದ ತಂದಿದ್ದು! ಮೊಗ್ಗು ಇನ್ನೂ ಬಿರಿದಿಲ್ಲ, ನೋಡಿ!"

"ನಂಗೆ ಬಣ್ಣ ತೋರಿಸ್ಬೇಡ. ಬಣ್ಣ ನನ್ನ ಕೆಲಸ."

"ಅಮ್ಮಾವ್ರು ಇದ್ದಿದ್ರೆ ಹಿಂಗೆ ಮಾತಾಡ್ತಿರ್ಲಿಲ್ಲ ಬಿಡಿ," ಅಂದಳು.

ಅನಂತಲಕ್ಷ್ಮಿಯನ್ನು ಎಲ್ಲರೂ ಹೀಗೇ ನನ್ನ ವಿರುದ್ಧ ಸಾಕ್ಷಿಗೆ ಕರೆಯುತ್ತಾರೆ. ನಾಳೆಯಿಂದ ಬೇರೆ ಕಡೆ ಹೂವು.

ಫೆಬ್ರವರಿ 13, ಶುಕ್ರವಾರ

ಮೋಡ. ಥೂ. ಬೇರೆ ಕಡೆಯ ಹೂವೂ ಹಳದಿಯೇ. ಇಡೀ ಮಾರುಕಟ್ಟೆಗೇ ರೋಗ ಬಂದಿದೆ.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ಸಂಜೆ ಆರರಿಂದಲೇ ಬೀದಿ ಕೊನೆಯ ದೇವಸ್ಥಾನದ ಲೈಟು ಮೈಕು. ಜಾಗರಣೆಯಂತೆ. ದೂರದರ್ಶಕವನ್ನು ಹೊರಗೆ ತೆಗೆಯಲೇ ಇಲ್ಲ.

ಅಪೂರ್ವ ಬಂದಿದ್ದಳು, ಕೆಂಗೇರಿಯಿಂದ ಮೆಟ್ರೋದಲ್ಲಿ. ಹಬ್ಬಕ್ಕೆ ಅಂತ ತಂಬಿಟ್ಟು ತಂದಿದ್ದಳು, ಅಮ್ಮನದರಷ್ಟು ಹದವಿಲ್ಲ. ಲ್ಯಾಪ್‌ಟಾಪಿನಲ್ಲಿ ಹೊಸ ಚಿತ್ರ ತೋರಿಸಿದೆ. ಎಂಟು ದಿನದ ಕೆಲಸ. ಕೆಂಪು ಬಳೆಯ ಎಳೆ ಎಳೆಯೂ ಬಿಡಿಬಿಡಿಯಾಗಿ ಬಂದಿದೆ, ನಡುವಿನ ಕಪ್ಪು ಗಂಟುಗಳು ಇರುವೆ ಸಾಲಿನಂತೆ. ನಕ್ಷತ್ರಗಳು ಮೊದಲು ಕಾಮಾಲೆ ಹಿಡಿದವರಂತಿದ್ದವು, ನೀಲಿ ಕೊಟ್ಟು ಕೊಟ್ಟು ಸರಿಯಾದ ಜಾಗಕ್ಕೆ ತಂದಿದ್ದೇನೆ.

"ಚೆನ್ನಾಗಿದೆ ಅಪ್ಪ," ಅಂದಳು. ಇವಳ ಚೆನ್ನಾಗಿದೆಗೆ ಹಿಂದೆ ಒಂದು ಬಾಲ ಇದ್ದೇ ಇರುತ್ತದೆ. "ಮಧ್ಯದಲ್ಲಿ ಮಾತ್ರ ಬಾರ್ ಮುಂದೆ ಹಾಕಿರ್ತಾರಲ್ಲ, ಆ ಸೀರಿಯಲ್ ಲೈಟ್ ಥರ ಇದೆ."

"ನೀನು ಬ್ಯಾಂಕಿನಲ್ಲಿ ಕೆಲಸ ಮಾಡೋಳು. ನಿನಗೇನು ಗೊತ್ತು?"

"ಕಣ್ಣು ತೋರಿಸ್ಕೊಂಡು ಎಷ್ಟು ದಿನ ಆಯ್ತು?"

"ನನ್ನ ಕಣ್ಣಿಗೇನಾಗಿದೆ? ಪೇಪರ್ ಓದ್ತೀನಿ, ಬಸ್ಸಿನ ನಂಬರ್ ಕಾಣತ್ತೆ."

"ಅಮ್ಮಾನೂ ಹೀಗೇ ಅಂತಿದ್ಲು."

ಅನಂತಲಕ್ಷ್ಮಿ ಪೊರೆ ತೆಗೆಸಿಕೊಂಡದ್ದು ಐದು ವರ್ಷದ ಹಿಂದೆ. ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದವಳೇ ಅಡುಗೆಮನೆ ಬಾಗಿಲಲ್ಲಿ ನಿಂತು, "ಈ ಗೋಡೆ ಬಿಳೀನೇನ್ರೀ? ನಾನು ಕೆನೆಬಣ್ಣ ಅಂದ್ಕೊಂಡೇ ಅಡುಗೆ ಮಾಡ್ಕೊಂಡಿದ್ನಲ್ಲ!" ಅಂದಿದ್ದಳು. ಆಮೇಲೆ ನನ್ನ ಪಂಚೆಗಳನ್ನೆಲ್ಲ ಮತ್ತೆ ಒಗೆದಳು. ನಾನು ವಾರಗಟ್ಟಲೆ ನಕ್ಕಿದ್ದೆ. ಅವಳು ಹೆಂಗಸು, ಮನೆಯಲ್ಲಿದ್ದವಳು, ಯಾವ ಬಣ್ಣ ಎಷ್ಟು ಅಂತ ಅಳೆದು ಅಭ್ಯಾಸವಿಲ್ಲ. ನನ್ನದು ಟ್ರೈನ್ಡ್ ಐ. ಅಪೂರ್ವಳಿಗೆ ಇದನ್ನೇ ಹೇಳಿದೆ. ತಂಬಿಟ್ಟಿನ ಡಬ್ಬಿ ತೊಳೆದುಕೊಂಡು ಹೊರಟಳು.

ಫೆಬ್ರವರಿ 19, ಗುರುವಾರ

ಚಿತ್ರ ಕಳಿಸಿದೆ. ಅರ್ಧ ಗಂಟೆಯಲ್ಲಿ ಶಿವರಂಜನಿಯ ಫೋನು.

"ನೋಡ್ದೆ ಸಾರ್. ಡೀಟೇಲ್ ಸಖತ್ತಾಗಿದೆ. ನಮ್ಮಲ್ಲಿ ಯಾರಿಗೂ ಸಿಟಿಯೊಳಗಿಂದ ಇಷ್ಟು ಬಂದಿಲ್ಲ. ಆದ್ರೆ..."

"ಆದ್ರೆ ಏನಮ್ಮ?"

"ನೀಲಿ ಹೋದ ಸಲಕ್ಕಿಂತ ಜಾಸ್ತಿ ಆಗಿದೆ."

"ಅವು ಎಳೇ ನಕ್ಷತ್ರ. ನಲವತ್ತು ಸಾವಿರ ಡಿಗ್ರಿ ಶಾಖ. ನೀಲಿ ಇಲ್ದೆ ಹಸಿರು ಇರತ್ತಾ? ಫಿಸಿಕ್ಸ್ ಪಾಠ ಮಾಡೋದು ನೀನು ತಾನೇ?"

"ನೀಲಿ ಅಂದ್ರೆ ಬಿಳಿ ಕಡೆಯ ನೀಲಿ ಸಾರ್. ಬಟ್ಟೆಗೆ ಹಾಕೋ ನೀಲಿ ಅಲ್ಲ." ಆಮೇಲೆ, "ಒಂದ್ ಕೆಲಸ ಮಾಡೋಣ್ವಾ? ನಿಮ್ಮ ಮೂಲ ಫೈಲ್ಸ್ ಕಳ್ಸಿ. ಬಣ್ಣ ಒಂದು ನಾನು ಮಾಡ್ತೀನಿ. ಹೆಸರು ನಿಮ್ಮದೇ," ಅಂದಳು.

"ಹೌ ಡೇರ್ ಯೂ," ಅಂದೆ. ಅದರ ಮುಂದಿನ ಇಂಗ್ಲಿಷ್ ವಾಕ್ಯ ಅರ್ಧಕ್ಕೇ ಕೈಕೊಟ್ಟಿತು, ಆದ್ದರಿಂದ ಫೋನ್ ಇಟ್ಟೆ.

ಹತ್ತನೇ ತಾರೀಕಿನೊಳಗೆ ಸರಿಹೋಗದಿದ್ದರೆ ಮಾಘದ ಪುಟಕ್ಕೆ ಪದ್ಮನಾಭನ ಚಿತ್ರ ಹಾಕುತ್ತಾರಂತೆ. ಸಂಜೆ ಮೆಸೇಜು ಬಂತು, ಕೊನೆಯಲ್ಲಿ ಕೈಮುಗಿಯುವ ಗೊಂಬೆ. ಪದ್ಮನಾಭ! ಇನ್ಶೂರೆನ್ಸ್ ಮಾರುವವನು. ದೂರದರ್ಶಕವನ್ನು ಕಾರಿನಲ್ಲಿ ಹಾಕಿಕೊಂಡು ಊರಾಚೆ ಕತ್ತಲಿಗೆ ಹೋಗಿ ತೆಗೆದು ತರುತ್ತಾನೆ. ಕತ್ತಲಿನಲ್ಲಿ ಯಾರು ಬೇಕಾದರೂ ತೆಗೆಯುತ್ತಾರೆ.

ಫೆಬ್ರವರಿ 20, ಶುಕ್ರವಾರ

ರಾತ್ರಿಯೆಲ್ಲ ಅಂಜಿನಯ್ಯ ನೆನಪಾದ. ಕಾರಣವಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ಅಳೆಯುವವನಾಗಿದ್ದ. ಮಸಿಯ ದಟ್ಟಣೆ ಹೇಳುವ ಒಂದು ಮೀಟರು ಬಂದಿತ್ತು; ಅದನ್ನು ಕಾಗದದ ಮೇಲೆ ಒತ್ತಿ, ತುಟಿ ಅಲ್ಲಾಡಿಸುತ್ತಾ ಅಂಕಿ ಓದಿ, ಅಂಕಿಯ ಮೇಲೇ ತೀರ್ಪು ಕೊಡುತ್ತಿದ್ದ. ಕಣ್ಣೆತ್ತಿ ಚಿತ್ರ ನೋಡುತ್ತಲೇ ಇರಲಿಲ್ಲ. ನನಗೆ ಅನುಮಾನ ಬಂತು. ಒಂದು ದಿನ ಮ್ಯಾನೇಜರ ಮುಂದೆ ಎರಡು ಪ್ರೂಫ್ ಹಿಡಿದು, ಮೀಟರು ಕಿತ್ತುಕೊಂಡು, "ಯಾವುದು ಕೆಂಪು, ಯಾವುದು ಹಸಿರು, ಬಾಯಲ್ಲಿ ಹೇಳು," ಅಂದೆ. ಅವನು ಎರಡನ್ನೂ ನೋಡಿದ. ನನ್ನ ಮುಖ ನೋಡಿದ. ತಪ್ಪು ಹೇಳಿದ. ಎಲ್ಲರೂ ನಕ್ಕರು. ಹುಟ್ಟಿನಿಂದಲೇ ಅವನಿಗೆ ಆ ಎರಡು ಬಣ್ಣ ಒಂದೇ. ಹನ್ನೊಂದು ವರ್ಷ ಮುಚ್ಚಿಟ್ಟುಕೊಂಡಿದ್ದ. ಬೈಂಡಿಂಗಿಗೆ ಹಾಕಿದರು.

ಕಣ್ಣಿಲ್ಲದವನಿಗೆ ಬಣ್ಣದ ಕೋಣೆಯಲ್ಲಿ ಏನು ಕೆಲಸ? ನಾನು ಮಾಡಿದ್ದು ಸರಿಯೇ. ಆ ಹನ್ನೊಂದು ವರ್ಷದಲ್ಲಿ ಅವನು ಅಳೆದದ್ದು ಒಂದೂ ವಾಪಸ್ ಬಂದಿರಲಿಲ್ಲ, ಅದೂ ನಿಜ. ಮನೆಗೆ ಬಂದು ರಸವತ್ತಾಗಿ ಹೇಳಿದೆ. ಅನಂತಲಕ್ಷ್ಮಿ ಬಡಿಸಿ, ಮಜ್ಜಿಗೆ ಪಾತ್ರೆ ನನ್ನ ಪಕ್ಕದಲ್ಲಿಟ್ಟು, ಎದ್ದುಹೋದಳು.

ಫೆಬ್ರವರಿ 22, ಭಾನುವಾರ

ಮಲ್ಲತ್ತಹಳ್ಳಿ ಕೆರೆಯ ದಂಡೆಯಲ್ಲಿ ಬಳಗದ ಸಭೆ. ವಾಕಿಂಗ್ ಬಂದವರಿಗೆ ಚಂದ್ರ ತೋರಿಸುವುದು, ಅವರು "ಅಲ್ಲಿ ಮೊಲ ಕಾಣತ್ತಾ?" ಅಂತ ಕೇಳುವುದು. ವಿಜ್ಞಾನ ಪ್ರಸಾರ ಅಂತ ಇದಕ್ಕೆ ಹೆಸರು.

ಇನ್ನೂ ಬಿಸಿಲಿತ್ತು. ಪದ್ಮನಾಭ ತನ್ನ ಚಿತ್ರವನ್ನು ಪ್ರಿಂಟ್ ಹಾಕಿಸಿಕೊಂಡು ತಂದಿದ್ದ. "ಹೆಂಗಿದೆ ಗುರುಗಳೇ?"

ನೋಡಿದೆ. ಕೆಂಪು ಬಳೆ, ನಡುವೆ ಹಳದಿ ನಕ್ಷತ್ರಗಳು. "ಅರಿಶಿನ ಕುಂಕುಮ ಎರಡೂ ಇದೆ, ಎಲೆ ಅಡಿಕೆ ಒಂದು ಬಾಕಿ," ಅಂದೆ. ಯಾರೂ ನಗಲಿಲ್ಲ. ಶಿವರಂಜನಿ ಪ್ರಿಂಟನ್ನೂ ನನ್ನನ್ನೂ ಒಂದು ಸಲ ನೋಡಿದಳು. ಇಂಟರ್ನೆಟ್ಟಿನಲ್ಲಿ ಅಮೆರಿಕದವರು ತೆಗೆದದ್ದೂ ಹೀಗೇ ಅರಿಶಿನ. ಇಡೀ ಜಗತ್ತು ತಪ್ಪು ಬಣ್ಣ ಒಪ್ಪಿಕೊಂಡು ಕೂತಿದೆ, ಹೇಳುವವರಿಲ್ಲ.

ಅಷ್ಟರಲ್ಲಿ ಕೆರೆಯ ಹುಳುವೊಂದು ಬಲಗಣ್ಣಿಗೆ ಹೊಡೆಯಿತು. ಕರವಸ್ತ್ರ ಒತ್ತಿ ಹಿಡಿದುಕೊಂಡೆ. ಎದುರಿಗೆ ಪದ್ಮನಾಭ ಪ್ರಿಂಟನ್ನು ಇನ್ನೂ ಹಿಡಿದೇ ನಿಂತಿದ್ದ. ನಕ್ಷತ್ರಗಳು ಬೆಳ್ಳಗಿದ್ದವು.

"ಇದು ಬೇರೆ ಪ್ರಿಂಟಾ?"

"ಅದೇ ಸಾರ್. ಯಾಕೆ?"

"ಏನಿಲ್ಲ," ಅಂದೆ. ಸೂರ್ಯ ಇಳಿಯುವ ಹೊತ್ತಿನ ಬೆಳಕು ಎಂಥವರನ್ನೂ ಮೋಸ ಮಾಡುತ್ತದೆ.

ಫೆಬ್ರವರಿ 23, ಸೋಮವಾರ

ಬೆಳಗಿನಿಂದ ಪರೀಕ್ಷೆ ಮಾಡುತ್ತಿದ್ದೇನೆ. ಬಲಗಣ್ಣು ಮುಚ್ಚಿ ನನ್ನ ಚಿತ್ರ ನೋಡಿದರೆ ನಕ್ಷತ್ರಗಳು ನೀಲಿ ಮಸಿ ಡಬ್ಬಿ ಒಡೆದ ಹಾಗೆ. ಎಡಗಣ್ಣು ಮುಚ್ಚಿ ನೋಡಿದರೆ ಸರಿಯಾಗಿದೆ. ಗೋಡೆಯೂ ಎರಡು ಥರ. ಅನಂತಲಕ್ಷ್ಮಿಯ ಫೋಟೋದ ಮೇಲಿನ ಹೂವೂ ಎರಡು ಥರ.

ತೀರ್ಮಾನ: ಎಡಗಣ್ಣು ಕೆಟ್ಟಿದೆ. ಮೂವತ್ತೊಂದು ವರ್ಷ ಭೂತಗನ್ನಡಿ ಹಿಡಿದದ್ದು ಬಲಗಣ್ಣಿಗೆ. ಸುಳ್ಳು ಹೇಳುತ್ತಿರುವುದು ಎಡಗಣ್ಣೇ ಇರಬೇಕು. ರೇಖಾಗಣಿತದ ಲೆಕ್ಕದ ಕೊನೆಯಲ್ಲಿ ಬರೆಯುವ ಕ್ವಾಡ್ ಎರಾಟ್ ಏನೋ ಒಂದು. ಅದು ಇಂಗ್ಲಿಷ್ ಅಲ್ಲ ಅಂತ ಮೇಷ್ಟರು ಹೇಳಿದ್ದು ಈಗ ನೆನಪಾಗುತ್ತಿದೆ.

ಮಾರ್ಚ್ 1, ಭಾನುವಾರ

ಐದು ದಿನ ಬರೆಯಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಬಾಣದ ಗುರುತನ್ನು ಚಿತ್ರದ ಯಾವ ಚುಕ್ಕೆಯ ಮೇಲೆ ಇಟ್ಟರೂ ಕೆಳಗೆ ಮೂರು ಅಂಕಿ ಬರುತ್ತದೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ. ಬಿಳಿ ಅಂದರೆ ಮೂರೂ ತುಂಬಿರಬೇಕು. ಇಷ್ಟು ವರ್ಷ ಅದನ್ನು ನೋಡಿಯೇ ಇಲ್ಲ. ಕಣ್ಣಿಲ್ಲದವರಿಗೆ ಅಂತ ಇಟ್ಟಿರುವುದು.

ನಡುವಿನ ಗುಚ್ಛದ ದೊಡ್ಡ ನಕ್ಷತ್ರ, ನನ್ನ ಚಿತ್ರದಲ್ಲಿ: ಕೆಂಪು 58, ಹಸಿರು 91, ನೀಲಿ 255.

ಪದ್ಮನಾಭನ ಚಿತ್ರದಲ್ಲಿ ಅದೇ ನಕ್ಷತ್ರ: 214, 226, 255.

ನನ್ನ ಮೂಲ ಫೈಲಿನಲ್ಲಿ, ನಾನು ಕೈಹಾಕುವ ಮೊದಲು: 209, 223, 255.

ಕ್ಯಾಮರಾ ಸರಿಯಾಗಿಯೇ ತೆಗೆದುಕೊಟ್ಟಿತ್ತು.

ಆಮೇಲೆ ಗಮನಿಸಿದೆ, ಅಂಕಿ ಓದುವಾಗ ನನ್ನ ತುಟಿ ಅಲ್ಲಾಡುತ್ತಿತ್ತು.

ಮಾರ್ಚ್ 3, ಮಂಗಳವಾರ

ಗ್ರಹಣ. ಚಂದ್ರ ಹುಟ್ಟುವಷ್ಟರಲ್ಲಿ ಮುಕ್ಕಾಲು ಮುಗಿದಿತ್ತು. ಯೋಗಾನಂದ ಬಾಗಿಲು ಹಾಕಿಕೊಂಡು ಕೂತಿದ್ದ, ನೀರಿನ ಟ್ಯಾಂಕಿಗೂ ದರ್ಭೆ ಹಾಕಿದ್ದಾನೆ. ನೋಡಲು ಮೇಲೆ ಹೋಗಲಿಲ್ಲ. ಯಾವ ಬಣ್ಣದ್ದೋ ಏನೋ.

ಮಾರ್ಚ್ 4, ಬುಧವಾರ

ಮೆಟ್ರೋ ಮೆಟ್ಟಿಲ ಹತ್ತಿರ ಎರಡು ಸಲ ಆಚೀಚೆ ಹೋದೆ. ಮೂರನೆಯ ಸಲ ಅಣ್ಣಮ್ಮನೇ ಕೂಗಿದಳು. "ಏನ್ ಸಾಮಿ, ಸುತ್ತು ಹೊಡೀತಾ ಇದೀರ? ದೇವಸ್ಥಾನ ಅಲ್ಲ ಇದು."

"ಎರಡು ಮೊಳ ಕೊಡು."

"ನಿನ್ನೇದೇ ಇರೋದು," ಅಂದಳು. ಅವಳಿಗೂ ನಾಲಿಗೆ ಇದೆ.

ಎಲೆಯಲ್ಲಿ ಸುತ್ತುವ ಮೊದಲು ಕೈಯಲ್ಲಿ ಹಿಡಿದು ಕೇಳಿದೆ, "ಇದು ಯಾವ ಬಣ್ಣ ಹೇಳು."

"ಇದೇನ್ ಪರೀಕ್ಷೆ?"

"ಹೇಳಮ್ಮ. ನಿಜವಾಗಿ ಕೇಳ್ತಾ ಇದೀನಿ."

ಅವಳು ಹೂವು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, "ಬಿಳಿ ಸಾಮಿ. ಹಾಲಿನ ಥರ. ಆವತ್ತೂ ಬಿಳೀನೇ ಇತ್ತು," ಅಂದಳು. ಮತ್ತೆ, "ನಮ್ಮಪ್ಪಂಗೂ ಹಿಂಗೇ ಆಗಿತ್ತು. ಸುಣ್ಣ ಹೊಡೆಯೋನು. ಗೋಡೆ ಬೆಳ್ಳಗಾಗ್ಲಿಲ್ಲ ಅಂತ ಮೇಲ್ ಮೇಲೆ ಹೊಡೆದೂ ಹೊಡೆದೂ ಹಾಕೋನು."

ಸುಣ್ಣ ಹೊಡೆಯುವವನಿಗೂ ನನಗೂ ಹೋಲಿಕೆ. ಆವತ್ತು ನಾನು ಬುಟ್ಟಿಗೆ ಎಸೆದದ್ದು ತಪ್ಪು ಅಂತ ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ಯಾರೋ ಕನಕಾಂಬರ ಕೇಳಿಕೊಂಡು ಬಂದರು. ಅವರು ಹೋಗುವವರೆಗೂ ನಿಂತಿದ್ದೆ. ಹೇಳಿದೆ. "ಸರಿ ಬಿಡಿ," ಅಂದು ಅರ್ಧ ಮೊಳ ಹೆಚ್ಚಿಗೆ ಹಾಕಿದಳು. ವ್ಯಾಪಾರದ ಉಪಾಯ ಇರಬಹುದು.

ಮಾರ್ಚ್ 7, ಶನಿವಾರ

ಅಪೂರ್ವಳ ಕಾಟಕ್ಕೆ ಕಣ್ಣಿನ ಡಾಕ್ಟರ ಬಳಿ ಹೋದದ್ದಾಯಿತು. ಅವಳಿಗೆ ಫೋನ್ ಮಾಡಿದ್ದು ನಾನೇ, ಆದರೂ ಕಾಟ ಕಾಟವೇ. ಡಾಕ್ಟರು ಒಬ್ಬ ಹುಡುಗಿ, ಕೊರಳಲ್ಲಿ ಬೆಕ್ಕಿನ ಚಿತ್ರದ ಟ್ಯಾಗು. ದೀಪ ಬಿಟ್ಟು ನೋಡಿ, "ಅಂಕಲ್, ಬಲಗಣ್ಣು ಫುಲ್ ಡಿಕಾಕ್ಷನ್ ಆಗೋಗಿದೆ," ಅಂದಳು.

"ಎಡಗಣ್ಣು?"

"ಅದು ಟೀ. ಅದಕ್ಕೂ ಪೊರೆ ಬಂದಿದೆ, ಅದನ್ನೂ ನಂಬೋ ಹಾಗಿಲ್ಲ. ಎಷ್ಟು ವರ್ಷದಿಂದ ಹಳದಿ ಕನ್ನಡಕ ಹಾಕ್ಕೊಂಡು ಓಡಾಡ್ತಾ ಇದೀರ ಅಂತ ನಿಮಗೇ ಗೊತ್ತಿಲ್ಲ. ದೀಪದ ಸುತ್ತ ಉಂಗುರ ಕಾಣತ್ತಾ?"

"ಇಲ್ಲ," ಅಂದೆ.

"ಕಾಣತ್ತೆ," ಅಂದಳು ಅಪೂರ್ವ. "ಬೀದಿದೀಪದವರಿಗೆ ಕಂಪ್ಲೇಂಟ್ ಬರೆದಿದಾರೆ, ಎರಡು ಪುಟ."

ಇಬ್ಬರೂ ನಕ್ಕರು. ನಗುವಂಥದ್ದೇನಿತ್ತೋ. ಬಲಗಣ್ಣಿಗೆ ಆಪರೇಷನ್ ಹದಿನಾರನೇ ತಾರೀಕು. ಎಡಗಣ್ಣಿಗೆ ಆಮೇಲೆ.

ದಾರಿಯಲ್ಲಿ ಅಪೂರ್ವ ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು. ನನಗೆ ರಸ್ತೆ ಕಾಣುತ್ತದೆ. ಕೈ ಬಿಡಿಸಿಕೊಳ್ಳಲು ಹೋಗಲಿಲ್ಲ, ಟ್ರಾಫಿಕ್ ಇತ್ತು.

ಮಾರ್ಚ್ 8, ಭಾನುವಾರ

ಎರಡು ದಿನ ಉಳಿದಿತ್ತು. ಮೂಲ ಫೈಲುಗಳನ್ನೆಲ್ಲ ಶಿವರಂಜನಿಗೆ ಕಳಿಸಿದೆ. "ಲ್ಯಾಪ್‌ಟಾಪಿನ ಸ್ಕ್ರೀನ್ ಕೆಟ್ಟಿದೆ. ಬಣ್ಣ ನೀನೇ ಮಾಡು," ಅಂತ ಬರೆದೆ. ಸ್ಕ್ರೀನಿಗೇನೂ ಆಗಿಲ್ಲ.

"ಓಹ್, ಅದಕ್ಕೇನಾ ಸಾರ್! ನಾನೂ ಅದೇ ಅಂದ್ಕೊಂಡೆ. ನಿಮ್ಮಂಥವರ ಕಣ್ಣಿಗೆ ಹೆಂಗೆ ಕಾಣ್ಲಿಲ್ಲ ಅಂತ," ಅಂತ ಉತ್ತರ.

ಸಂಜೆಗೆ ಮಾಡಿ ಕಳಿಸಿದಳು. ನನಗೆ ಅರಿಶಿನ ಕುಂಕುಮವಾಗಿಯೇ ಕಂಡಿತು. "ಚೆನ್ನಾಗಿದೆ," ಅಂತ ಬರೆದೆ. ಅಳಿಸಿ "ಓಕೆ" ಅಂತ ಬರೆದೆ.

ಮಾರ್ಚ್ 12, ಗುರುವಾರ

ಮಧ್ಯಾಹ್ನ ಮೂರಕ್ಕೆ ಪ್ರೆಸ್ಸಿನವರು ಮಾಘದ ಪುಟದ ಪ್ರೂಫ್ ತಂದುಕೊಟ್ಟು ಹೋದರು. ಏಳಕ್ಕೆ ಬಂದು ತೆಗೆದುಕೊಂಡು ಹೋಗುತ್ತಾರೆ, ರಾತ್ರಿಯೇ ಮಷಿನ್ನಿಗೆ ಏರಿಸುತ್ತಾರೆ. ಬಂದವನು ಹೇಳಿದ: "ಮೇಡಂ ಹೇಳ್ಬಿಟ್ಟಿದಾರೆ ಸಾರ್, ಬಣ್ಣ ಒಪ್ಪೋದು ಚಕ್ರಪಾಣಿ ಸಾರ್, ಅವರ ಸೈನ್ ಇಲ್ದೆ ಮಷಿನ್ ಓಡಿಸ್ಬೇಡಿ ಅಂತ."

ಕಾಗದ ಅಗ್ಗದ್ದು. ಅಂಚಿನ ಅಕ್ಷರಗಳು ಇರುವೆಯಷ್ಟು. ತಿಥಿಗಳ ಚೌಕಗಳಲ್ಲಿ ಒಂದು ಗೆರೆ ದಪ್ಪ, ಒಂದು ಸಣ್ಣ. ಇಂಥದ್ದನ್ನು ನಮ್ಮ ಕಾಲದಲ್ಲಿ ಕಸದ ಬುಟ್ಟಿಗೂ ಹಾಕುತ್ತಿರಲಿಲ್ಲ. ಬಣ್ಣಗಳ ಕೂಡಿಕೆ ಮಾತ್ರ ಕೂದಲೆಳೆ ತಪ್ಪಿಲ್ಲ, ಅದು ಬೆರಳಲ್ಲಿ ಸವರಿದರೂ ತಿಳಿಯುತ್ತದೆ. ಚಿತ್ರದ ಕೆಳಗೆ ಒಂದು ಸಾಲು: "ಚಿತ್ರ ಮತ್ತು ಬಣ್ಣ: ಚಕ್ರಪಾಣಿ, ವಿಜಯನಗರ." ತನ್ನ ಹೆಸರು ಎಲ್ಲೂ ಹಾಕಿಕೊಂಡಿಲ್ಲ. ಇದೆಂಥ ಸಂಪಾದಕಿಯೋ. ಕೆಲಸ ಮಾಡಿದವರ ಹೆಸರು ಹಾಕಬೇಕು ಅನ್ನುವುದೂ ಗೊತ್ತಿಲ್ಲ.

ಪ್ರೂಫನ್ನು ಟ್ಯೂಬ್‌ಲೈಟಿನಲ್ಲಿ ಒಪ್ಪುವಂತಿಲ್ಲ. ಹಗಲಿನ ಬೆಳಕು, ಉತ್ತರದ ಕಿಟಕಿ, ಮೈಮೇಲೆ ಬಣ್ಣದ ಅಂಗಿ ಇರಬಾರದು. ಪ್ರೆಸ್ಸಿನಲ್ಲಿ ಆ ಕ್ರಮ ಹಾಕಿದ್ದೇ ನಾನು. ಬಿಳಿ ಬನಿಯನ್ ತೊಟ್ಟುಕೊಂಡು ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಮೂರೂಕಾಲಿನಿಂದ ಕೂತಿದ್ದೇನೆ. ಬನಿಯನ್ ಬಿಳಿ ಅಂತ ನಂಬಿದ್ದೇನೆ.

ಪ್ರೂಫಿಗೆ ಬಾಣದ ಗುರುತಿಲ್ಲ, ಕೆಳಗೆ ಅಂಕಿ ಬರುವುದಿಲ್ಲ. ಕಾಗದದ ಮೇಲೆ ಮಸಿ, ಅಷ್ಟೇ. ಬಲಗಣ್ಣಲ್ಲಿ ನೋಡಿದರೆ ಅರಿಶಿನ, ಎಡಗಣ್ಣಲ್ಲಿ ನೋಡಿದರೆ ಕೆನೆ. ಮಷಿನ್ನಿನವನು ನೀಲಿ ಒಂದು ಚೂರು ಹೆಚ್ಚು ಬಿಟ್ಟಿದ್ದಾನೋ ಕಡಿಮೆ ಬಿಟ್ಟಿದ್ದಾನೋ ನನಗೆ ತಿಳಿಯದು. ಅವಳು ಮಾಡಿದ್ದು ಸರಿಯಿದ್ದರೂ ಇಲ್ಲಿ ಕೆಡಬಹುದು, ಸಾವಿರ ಸಲ ನೋಡಿದ್ದೇನೆ.

ಮೂಲೆಯಲ್ಲಿ ಸಹಿಯ ಚೌಕ. ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡಿದ್ದೇನೆ. ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಸರಿಬಂದರೆ ಚಕ್ರಪಾಣಿಯ ಕಣ್ಣು, ಕೆಟ್ಟರೆ ಪ್ರೆಸ್ಸಿನವರ ತಪ್ಪು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ನೋಡದೆ ಹಾಕಿಲ್ಲ. ನನ್ನಂಥವನೇ ಎದುರಿಗೆ ನಿಂತು, ಪೆನ್ಸಿಲ್ ಕಿತ್ತುಕೊಂಡು, ಬಾಯಲ್ಲಿ ಹೇಳು ಅಂದಿದ್ದರೆ ಏನು ಹೇಳುತ್ತಿದ್ದೆ?

ಐದೂಮುಕ್ಕಾಲು. ಶಿವರಂಜನಿಗೆ ಕಾಲೇಜು ಐದಕ್ಕೇ ಬಿಟ್ಟಿರುತ್ತದೆ. ನಾಗರಬಾವಿಯಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ, ಸಿಗ್ನಲ್ ಸಿಕ್ಕಿದರೆ ಇಪ್ಪತ್ತೈದು. ಬಂದು ಈ ಕುರ್ಚಿಯಲ್ಲಿ ಕೂತು ನೋಡಬೇಕು, ಸಹಿ ಅವಳೇ ಹಾಕಬೇಕು. ಹೆಸರೂ ಸೇರಿಸಿಕೊಳ್ಳಲಿ. ಬೈಗುಳ ಬಂದರೆ ಅವಳಿಗೂ ಒಂದು ಪಾಲು ಇರಲಿ.

ಸ್ಕ್ರೀನಿನ ಸುಳ್ಳನ್ನು ಹೇಗೆ ಬಿಡಿಸುವುದು ಅಂತ ಮೂರು ಸಲ ಇಂಗ್ಲಿಷಿನಲ್ಲಿ ಜೋಡಿಸಿ ನೋಡಿದೆ. ಡ್ಯೂ ಟು ಅನ್‌ಫೋರ್‌ಸೀನ್ ಅಂತ ಶುರುವಾಗಿ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಕನ್ನಡದಲ್ಲಿ ಚಿಕ್ಕದು. ನನಗೆ ಬಣ್ಣ ಕಾಣ್ತಾ ಇಲ್ಲಮ್ಮ, ನೀನು ಬಂದು ನೋಡು.

ಬರೆಯುತ್ತಾ ಕೂತು ಹೊತ್ತು ಕಳೆದುಬಿಟ್ಟೆ. ಪ್ರೂಫಿನ ಅಂಚಿನ ಅಕ್ಷರಗಳು ಆಗಲೇ ಮಸುಕಾಗಿವೆ. ಈಗಲೇ ಫೋನ್ ಮಾಡಬೇಕು. ಬೆಳಕು ಹೋಗುತ್ತಿದೆ.